ಕೇಕಿನ ಮೇಲೆ ಕನ್ನಡಿಯಂಥ ಚಾಕೊಲೇಟ್ ಹೊಳಪು: ಪೇಟೆಯಲ್ಲಿ ಏನು ಕೇಳಿ ಕೊಳ್ಳಬೇಕು, ಮನೆಯಲ್ಲಿ ಹೇಗೆ ಮಾಡಬೇಕು?

ಬೆಂಗಳೂರು: ಅವೆನ್ಯೂ ರಸ್ತೆ ಅಂದ್ರೆ ಹಳೇ ಪುಸ್ತಕ, ನೋಟ್‌ಬುಕ್, ಬೆಳ್ಳಿ ಸಾಮಾನು, ಸಗಟು ವ್ಯಾಪಾರ ಅಂತಲೇ ಎಲ್ಲರ ಲೆಕ್ಕ. ಮೈಸೂರ್ ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರುಕಟ್ಟೆವರೆಗಿನ ಈ ಹಳೇ ದೊಡ್ಡಪೇಟೆಗೆ ಈಗ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಾರೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಆರ್ಡರ್ ಮೇಲೆ ಕೇಕ್ ಮಾಡುವವರು. ಸಕ್ಕರೆ, ಡಬ್ಬಿ, ಪಾತ್ರೆ, ಸಣ್ಣ ತಕ್ಕಡಿ ಎಲ್ಲವೂ ಒಂದೇ ಓಡಾಟದಲ್ಲಿ ಸಿಗಲಿ ಅಂತ ಪೇಟೆಗೆ ಇಳಿಯುತ್ತಾರೆ. ಅವರ ಗಿರಾಕಿಗಳು ಮೊಬೈಲ್‌ನಲ್ಲಿ ಫೋಟೊ ತೋರಿಸಿ ಕೇಳೋದು ಒಂದೇ: ಮುಖ ಕಾಣೋ ಹಾಗೆ ಹೊಳೀಬೇಕು. ಆ ಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ: ಮೊಟ್ಟೆ ಇರಬಾರದು, ಪೂರ್ತಿ ವೆಜ್ ಆಗಿರಬೇಕು.

ಕಷ್ಟ ಇರೋದು ಈ ಎರಡನೇ ಮಾತಿನಲ್ಲಿ. ಇಂಟರ್‌ನೆಟ್‌ನಲ್ಲಿ ಸಿಗುವ 'ಮಿರರ್ ಗ್ಲೇಜ್' ಪಾಕವಿಧಾನಗಳಲ್ಲಿ ಬಹುಪಾಲು ಜೆಲಟಿನ್ ಮೇಲೆ ನಿಂತಿವೆ. ಜೆಲಟಿನ್ ತಯಾರಾಗೋದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಮೊಟ್ಟೆ ಬಿಟ್ಟು, ಜೆಲಟಿನ್ ಹಾಕಿ, 'ಎಗ್‌ಲೆಸ್' ಅಂತ ಮಾರಿದರೆ ಕೊಂಡವರು ಅದನ್ನು ಸಸ್ಯಾಹಾರ ಅಂದುಕೊಂಡೇ ತಿನ್ನುತ್ತಾರೆ. ಮೊಟ್ಟೆ ಇಲ್ಲ ಅನ್ನೋದೂ ಸಸ್ಯಾಹಾರ ಅನ್ನೋದೂ ಒಂದೇ ಅಲ್ಲ. ಜೈನರು, ಅಯ್ಯಂಗಾರರು, ನಗರ್ತರು, ಲಿಂಗಾಯತರು ಒತ್ತಾಗಿ ವಾಸ ಮಾಡುವ ಹಳೇ ಪೇಟೆ ಸುತ್ತಮುತ್ತ ಇದು ಸಣ್ಣ ವಿಷಯವಲ್ಲ. ಒಂದು ಸಲ ನಂಬಿಕೆ ಹೋದರೆ ಆ ಬೀದಿಯ ಆರ್ಡರ್ ಪೂರ್ತಿ ಹೋದ ಹಾಗೆ.

ಹೊಳಪು ಎಲ್ಲಿಂದ ಬರುತ್ತೆ?

ಹೊಳಪು ಅಂದ್ರೆ ಬಣ್ಣವೂ ಅಲ್ಲ, ಎಣ್ಣೆಯೂ ಅಲ್ಲ. ಮೇಲ್ಮೈ ನಯವಾಗಿದ್ದರೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ವಾಪಸ್ ಬರುತ್ತೆ, ಕನ್ನಡಿ ಆಗುತ್ತೆ. ಅದೇ ಮೇಲ್ಮೈಯಲ್ಲಿ ಗಾಳಿ ಗುಳ್ಳೆ, ಕೋಕೋ ಗಂಟು, ಸಕ್ಕರೆ ಹರಳು, ಕೇಕ್ ಪುಡಿ ಇದ್ದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಮಂಕಾಗಿ ಕಾಣುತ್ತೆ. ಗ್ಲೇಜ್ ಮಾಡುವವರ ಕೆಲಸವೆಲ್ಲ ಈ ನಾಲ್ಕು ಶತ್ರುಗಳನ್ನು ದೂರ ಇಡೋದೇ.

ಸಕ್ಕರೆ ಹರಳುಗಟ್ಟದಂತೆ ತಡೆಯೋದು ನಮ್ಮ ಅಡುಗೆಯವರಿಗೆ ಹೊಸದೇನಲ್ಲ. ಜಿಲೇಬಿ, ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಇದಕ್ಕೇ. ಹುಳಿ ಮತ್ತು ಕಾವು ಸೇರಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಹೀಗೆ ಬೆರಕೆಯಾದ ಸಕ್ಕರೆ ಸುಲಭವಾಗಿ ಹರಳಾಗೋದಿಲ್ಲ. ಬೇಕರಿಯವರು ನಿಂಬೆಯ ಬದಲು ಲಿಕ್ವಿಡ್ ಗ್ಲೂಕೋಸ್ ಹಾಕುತ್ತಾರೆ. ಜೋಳದ ಪಿಷ್ಟದಿಂದ ಮಾಡುವ ಈ ಅಂಟು ಸಿರಪ್ ಹೊಳಪನ್ನೂ ಕೊಡುತ್ತೆ, ಗ್ಲೇಜ್ ಬಿರುಕು ಬಿಡದಂತೆಯೂ ಹಿಡಿದಿಡುತ್ತೆ. ಚಾಕೊಲೇಟ್ ಗ್ಲೇಜ್‌ಗೆ ನಿಂಬೆ ಹಿಂಡಿದರೆ ಕ್ರೀಮ್ ಒಡೆಯುವ ಭಯ ಇರುವುದರಿಂದ ಗ್ಲೂಕೋಸೇ ವಾಸಿ.

ಅಂದ ಹಾಗೆ, ಹೊಳೆಯುವ ಹೊದಿಕೆ ಈ ಪೇಟೆಗೆ ಪರಕೀಯವೂ ಅಲ್ಲ. ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆ ಬಳಿ ಶುರು ಮಾಡಿದ ಬೆಂಗಳೂರು ಬ್ರದರ್ಸ್ ಬೇಕರಿಯೇ ಅಯ್ಯಂಗಾರ್ ಬೇಕರಿಗಳ ಮೂಲ ಎಂದು ಹೇಳುತ್ತಾರೆ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದ್ದು. ಈ ಪರಂಪರೆಯ ಹನಿ ಕೇಕಿನ ಮೇಲೆ ಬಳಿಯುವ ಕೆಂಪು ಜಾಮ್ ಇದೆಯಲ್ಲ, ಶಾಸ್ತ್ರದ ಪ್ರಕಾರ ಅದೂ ಒಂದು ಗ್ಲೇಜ್. ಹಣ್ಣಿನ ಪೆಕ್ಟಿನ್, ಸಕ್ಕರೆ, ನೀರು ಸೇರಿ ಆಗುವ ಹೊಳಪು. ಮೇಲೆ ಕೊಬ್ಬರಿ ಉದುರಿಸಿ ಆ ಹೊಳಪನ್ನು ಮುಚ್ಚಿಬಿಡುತ್ತಾರೆ, ಅಷ್ಟೇ.

ಚಾಕೊಲೇಟ್ ಗ್ಲೇಜ್‌ನಲ್ಲಿ ಹೆಸರುವಾಸಿಯಾದದ್ದು ವಿಯೆನ್ನಾದ ಸಾಖರ್ ಕೇಕ್. 1832ರಲ್ಲಿ ಫ್ರಾಂಝ್ ಸಾಖರ್ ಎಂಬ ಹುಡುಗ ಮಾಡಿದ್ದು ಅನ್ನುವ ಕಥೆ ಇದೆ. ಅದರಲ್ಲಿ ಜೆಲಟಿನ್ ಇಲ್ಲ. ಸಕ್ಕರೆ ಪಾಕ ಮತ್ತು ಚಾಕೊಲೇಟ್ ಮಾತ್ರ. ಮುಖ ಕಾಣುವ ಬಣ್ಣಬಣ್ಣದ ಮಿರರ್ ಗ್ಲೇಜ್ ಹುಚ್ಚು ಹಬ್ಬಿದ್ದು 2016ರಲ್ಲಿ, ರಷ್ಯಾದ ಓಲ್ಗಾ ನೋಸ್ಕೋವಾ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಕೇಕ್‌ಗಳಿಂದ.

ಕಾಂಪೌಂಡೋ, ಅಸಲಿ ಚಾಕೊಲೇಟೋ

ಅಂಗಡಿಯಲ್ಲಿ 'ಡಾರ್ಕ್ ಚಾಕೊಲೇಟ್ ಕೊಡಿ' ಅಂದರೆ ಸಾಮಾನ್ಯವಾಗಿ ಕೈಗೆ ಬರೋದು ಡಾರ್ಕ್ ಕಾಂಪೌಂಡ್ ಗಟ್ಟಿ. ಇದು ಮೋಸವಲ್ಲ, ಆದರೆ ಗೊತ್ತಿರಬೇಕು. ಅಸಲಿ ಚಾಕೊಲೇಟಿನಲ್ಲಿರುವ ಕೊಬ್ಬು ಕೋಕೋ ಬೆಣ್ಣೆ. ಕಾಂಪೌಂಡ್‌ನಲ್ಲಿ ಅದರ ಜಾಗಕ್ಕೆ ತಾಳೆ ಬೀಜದೆಣ್ಣೆಯಂಥ ಗಟ್ಟಿ ಮಾಡಿದ ಸಸ್ಯಜನ್ಯ ಕೊಬ್ಬು, ಜತೆಗೆ ಕೋಕೋ ಪುಡಿ, ಸಕ್ಕರೆ. ಪೊಟ್ಟಣದ ಹಿಂದೆ ಪದಾರ್ಥಗಳ ಸಾಲಿನಲ್ಲಿ 'ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್' ಅಂತ ಮೊದಲ ಎರಡು ಮೂರು ಹೆಸರುಗಳಲ್ಲೇ ಕಂಡರೆ ಅದು ಕಾಂಪೌಂಡ್. 'ಕೋಕೋ ಬಟರ್' ಅಂತಿದ್ದರೆ ಅಸಲಿ. ಬೇಕರಿ ಭಾಷೆಯಲ್ಲಿ ಕೂವರ್ಚರ್.

ಕೋಕೋ ಬೆಣ್ಣೆಗೆ ಒಂದು ಹಠಮಾರಿ ಗುಣ. ಅದು ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಅದರಲ್ಲಿ ಒಂದು ಬಗೆ ಮಾತ್ರ ಹೊಳೆಯುತ್ತೆ, ಮುರಿದರೆ ಟಕ್ಕನೆ ಸದ್ದು ಮಾಡುತ್ತೆ, ಸುಮಾರು 34 ಡಿಗ್ರಿಗೆ ಬಾಯಲ್ಲಿ ಕರಗುತ್ತೆ. ಆ ಹರಳೇ ಬರಲಿ ಅಂತ ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸುತ್ತಾರೆ. ಇದೇ ಟೆಂಪರಿಂಗ್. ಕಾಂಪೌಂಡ್‌ಗೆ ಈ ಗೋಳಿಲ್ಲ, ಕರಗಿಸಿ ಸುರಿದರೆ ಆಯ್ತು. ಹಾಗಾಗಿ ಮನೆಯವರಿಗೆ ಅದು ಇಷ್ಟ. ಬೆಲೆಯೂ ಒಂದು ಕಾರಣ. 2024ರಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿದಾಗ ಅಸಲಿ ಚಾಕೊಲೇಟ್ ಮನೆ ಬೇಕರ್‌ಗಳ ಕೈ ಸುಟ್ಟಿತ್ತು.

ಆದರೆ ಗ್ಲೇಜ್ ಮಟ್ಟಿಗೆ ಒಂದು ಸಮಾಧಾನ ಇದೆ. ಚಾಕೊಲೇಟಿಗೆ ಬಿಸಿ ಕ್ರೀಮ್ ಬೆರೆಸಿ ಗನಾಶ್ ಮಾಡಿದರೆ ಟೆಂಪರಿಂಗ್ ಬೇಕಿಲ್ಲ. ಕೊಬ್ಬು ನೀರಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಹರಡಿಕೊಳ್ಳುತ್ತೆ. ಅಸಲಿ ಚಾಕೊಲೇಟನ್ನೂ ಧೈರ್ಯವಾಗಿ ಬಳಸಬಹುದು. ಮಾಡಬಾರದ್ದು ಒಂದೇ: ಖರ್ಚು ಉಳಿಸೋಕೆ ಅರ್ಧ ಅಸಲಿ, ಅರ್ಧ ಕಾಂಪೌಂಡ್ ಕರಗಿಸಿ ಹೊದಿಕೆ ಮಾಡುವುದು. ತಾಳೆ ಬೀಜದ ಕೊಬ್ಬಿಗೂ ಕೋಕೋ ಬೆಣ್ಣೆಗೂ ಹೊಂದಿಕೆ ಇಲ್ಲ. ಮಿಶ್ರಣ ಮೆತ್ತಗಾಗುತ್ತೆ, ಕೆಲವೇ ದಿನಕ್ಕೆ ಮೇಲೆ ಬೂದು ಬಣ್ಣದ ಪದರ ಏಳುತ್ತೆ. ಅದನ್ನು ಬೂಷ್ಟು ಅಂದುಕೊಂಡು ಎಸೆಯುವವರಿದ್ದಾರೆ. ಬೂಷ್ಟಲ್ಲ, ಮೇಲೆ ಬಂದ ಕೊಬ್ಬು.

ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಕರಗಿ, ಮನೆಯಲ್ಲಿ ಮತ್ತೆ ಗಟ್ಟಿಯಾದ ಚಾಕೊಲೇಟಿಗೂ ಇದೇ ಗತಿ. ಏಪ್ರಿಲ್‌ನಲ್ಲಿ ಪೇಟೆಗೆ ಹೋಗುವವರು ಬೆಳಗ್ಗೆಯೇ ಹೋಗಿ, ಗಟ್ಟಿಯನ್ನು ನಾಲ್ಕು ಮಡಿಕೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ತರೋದು ಒಳ್ಳೇದು. ಚಿಕ್ಕಪೇಟೆ ಮೆಟ್ರೋ ನಿಲ್ದಾಣ ಹತ್ತಿರವೇ ಇದೆ, ಡಿಕ್ಕಿಗಿಂತ ಮೆಟ್ರೋ ತಂಪು. ಬೂದಿ ಕಟ್ಟಿದ ಗಟ್ಟಿಯನ್ನೂ ಎಸೆಯಬೇಕಿಲ್ಲ; ಗನಾಶ್‌ಗೆ ಕರಗಿಸಿದರೆ ಏನೂ ತಿಳಿಯೋದಿಲ್ಲ.

ಕೋಕೋ ಮಟ್ಟಿಗೆ ಕರ್ನಾಟಕಕ್ಕೆ ದೂರ ನೋಡಬೇಕಿಲ್ಲ. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಬೆಳೆಯುತ್ತಾರೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ, ಬೆಲೆ ಕುಸಿದು ಬೆಳೆಗಾರರು ಕೈಚೆಲ್ಲಿದ್ದ ಕಾಲದಲ್ಲಿ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಾಸರಗೋಡು ಕಡೆಯ ಬೆಳೆಗಾರರೂ ಇದರ ಸದಸ್ಯರು.

ಬಿಡಿ ಪೊಟ್ಟಣದ ಪ್ರಶ್ನೆ

ಜೆಲಟಿನ್ ಬದಲು ಏನು? ಉತ್ತರ ಪೇಟೆಯ ದಿನಸಿ ಅಂಗಡಿಯಲ್ಲೇ ಇದೆ: ಚೀನಾ ಗ್ರಾಸ್, ಅಂದರೆ ಅಗರ್ ಅಗರ್. ಸಮುದ್ರದ ಪಾಚಿಯಿಂದ ತೆಗೆದದ್ದು. ಎಳೆಯಾಗಿಯೂ ಸಿಗುತ್ತೆ, ಪುಡಿಯಾಗಿಯೂ ಸಿಗುತ್ತೆ. ಗ್ಲೇಜ್‌ಗೆ ಪುಡಿಯೇ ಸರಿ, ಎಳೆಯನ್ನು ತೂಗೋದು ಕಷ್ಟ.

ಲೇಬಲ್ ಇರುವ ಪೊಟ್ಟಣದಲ್ಲಿ ಗೊಂದಲ ಕಡಿಮೆ. ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಪದಾರ್ಥಗಳ ಸಾಲಿನಲ್ಲಿ 406 ಅಂದರೆ ಅಗರ್, 407 ಕ್ಯಾರಗೀನನ್, 440 ಪೆಕ್ಟಿನ್. ಮೂರೂ ಸಸ್ಯಮೂಲ. ತೊಂದರೆ ಇರೋದು ದೊಡ್ಡ ಚೀಲದಿಂದ ತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಕೊಡುವ ಬಿಡಿ ಪುಡಿಯಲ್ಲಿ. ಎರಡೂ ಬಿಳಿ-ಹಳದಿ ಪುಡಿ, ಎರಡಕ್ಕೂ ಕೆಲವರು 'ಜೆಲ್ಲಿ ಪೌಡರ್' ಅಂತಲೇ ಕರೆಯುತ್ತಾರೆ. ಬಿಡಿಯಾಗಿ ಮಾರುವ ಅಂಗಡಿಯವರು ಮೂಲ ಪೊಟ್ಟಣದ ಲೇಬಲ್ ತೋರಿಸಲು ಸಿದ್ಧರಿರಬೇಕು. ಕೊಳ್ಳುವವರು ಅದರ ಫೋಟೊ ತೆಗೆದು ಇಟ್ಟುಕೊಳ್ಳಬೇಕು. ನಾಳೆ ಗಿರಾಕಿ ಕೇಳಿದರೆ ತೋರಿಸೋಕೆ ಬೇಕಲ್ಲ.

ಅನುಮಾನ ಬಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅರ್ಧ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕುದಿಸಿ, ಒಂದು ಬಟ್ಟಲಿಗೆ ಸುರಿದು ಫ್ರಿಜ್‌ನಲ್ಲಿ ಗಟ್ಟಿ ಮಾಡಿ. ಒಂದು ತುಂಡು ಕತ್ತರಿಸಿ, ಕೈ ಅದ್ದಿದರೆ ಸ್ವಲ್ಪ ಚುರುಕ್ ಅನ್ನುವ ಬಿಸಿ ನೀರಿಗೆ ಹಾಕಿ. ಜೆಲಟಿನ್ ಆದರೆ ನಿಮಿಷಗಳಲ್ಲಿ ಕರಗಿ ಮಾಯ, ಯಾಕಂದ್ರೆ ಅದು ಮೈಬಿಸಿಗೇ ಕರಗುವ ವಸ್ತು. ಅಗರ್ ಆದರೆ ಹಾಗೇ ಕೂತಿರುತ್ತೆ. ಅದು ಮತ್ತೆ ಕರಗೋಕೆ 85 ಡಿಗ್ರಿ ಆಚೆಯ ಕಾವು ಬೇಕು. 'ವೆಜ್ ಜೆಲಟಿನ್' ಹೆಸರಿನ ಕ್ಯಾರಗೀನನ್ ಮಿಶ್ರಣಗಳು ಇವೆರಡರ ನಡುವೆ ಎಲ್ಲೋ ಕರಗುತ್ತವೆ, ಅವಕ್ಕೆ ಲೇಬಲ್ ನೋಡುವುದೇ ದಾರಿ.

ಇಂಥ ಪ್ರಶ್ನೆ ಪೇಟೆಗೆ ಹೊಸದಲ್ಲ. ಮಿಠಾಯಿ ಮೇಲಿನ ಬೆಳ್ಳಿ ವರ್ಕನ್ನು ಪ್ರಾಣಿಗಳ ಕರುಳಿನ ಹಾಳೆಗಳ ನಡುವೆ ಬಡಿಯುತ್ತಾರೆ ಅನ್ನುವ ಆಕ್ಷೇಪ ವರ್ಷಗಟ್ಟಲೆ ಇತ್ತು. ಕೊನೆಗೆ 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವರ್ಕ್ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದು ಅಂತ ನಿಯಮ ಮಾಡಿತು. ಕೇಕ್ ಅಲಂಕಾರದ ಹೊಳೆಯುವ ಗುಂಡು, ಉದುರು ಸಕ್ಕರೆಗಳಲ್ಲಿ 904 ಅಂತ ಕಂಡರೆ ಅದು ಷೆಲಾಕ್, ನಮ್ಮ ಅರಗು. ಅರಗಿನ ಹುಳು ಸುರಿಸುವ ಅಂಟು. ನಿಯಮದಲ್ಲಿ ಷೆಲಾಕ್, ಜೇನು, ಜೇನುಮೇಣಗಳನ್ನು ಮಾಂಸಾಹಾರದ ಪಟ್ಟಿಯಿಂದ ಹೊರಗಿಟ್ಟಿರುವುದರಿಂದ ಅದಕ್ಕೆ ಹಸಿರು ಚುಕ್ಕಿಯೇ ಇರುತ್ತೆ. ಕಟ್ಟುನಿಟ್ಟಿನ ಜೈನ ಗಿರಾಕಿಗಳಿಗೆ ಮೊದಲೇ ಹೇಳಿಬಿಡೋದು ಕ್ಷೇಮ.

ಮೂರು ಗ್ಲೇಜ್, ಮೂರು ಸ್ವಭಾವ

ಮೊದಲು ಗನಾಶ್, ಹೊಸಬರಿಗೆ ಇದೇ ಸಲೀಸು. 200 ಗ್ರಾಂ ಡಾರ್ಕ್ ಕಾಂಪೌಂಡ್‌ಗೆ 120ರಿಂದ 150 ಗ್ರಾಂ ಫ್ರೆಶ್ ಕ್ರೀಮ್, ಒಂದು ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್. ಅಸಲಿ ಚಾಕೊಲೇಟ್ ಆದರೆ ಕ್ರೀಮ್ ಸಮಸಮ ಹಾಕಬಹುದು. ಟೆಟ್ರಾ ಪ್ಯಾಕ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ 25 ಪರ್ಸೆಂಟ್ ಮಾತ್ರ. ವಿದೇಶಿ ಪಾಕವಿಧಾನಗಳು ಬಯಸೋದು 35. ಆ ಕೊರತೆಗೆ ಒಂದು ಚಮಚ ಉಪ್ಪಿಲ್ಲದ ಬೆಣ್ಣೆ ಸೇರಿಸಿದರೆ ಸಾಕು. ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಬಿಸಿ ಮಾಡಿ, ಹೆಚ್ಚಿದ ಚಾಕೊಲೇಟ್ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ನಡುವಿನಿಂದ ಶುರು ಮಾಡಿ ನಿಧಾನವಾಗಿ ತಿರುಗಿಸಬೇಕು. ಜೋರಾಗಿ ಕಡೆದರೆ ಗಾಳಿ ಸೇರುತ್ತೆ. ಒಡೆದು ಎಣ್ಣೆ ಬಿಟ್ಟರೆ ಗಾಬರಿ ಬೇಡ, ಒಂದೊಂದೇ ಚಮಚ ಬಿಸಿ ಹಾಲು ಹಾಕಿ ತಿರುಗಿಸಿದರೆ ಬಹುತೇಕ ಕೂಡಿಕೊಳ್ಳುತ್ತೆ. 35 ಡಿಗ್ರಿ ಆಸುಪಾಸಿನಲ್ಲಿ ಸುರಿಯಬೇಕು. ಬೆರಳಿಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸುವ ಹದ.

ಎರಡನೆಯದು ಕೋಕೋ ಪಾಕ. ಅಗ್ಗ, ಚಾಕೊಲೇಟ್ ಗಟ್ಟಿ ಬೇಕಿಲ್ಲ. 150 ಗ್ರಾಂ ಸಕ್ಕರೆ, 120 ಮಿ.ಲೀ. ನೀರು, ಜರಡಿ ಹಿಡಿದ 50 ಗ್ರಾಂ ಕೋಕೋ, 100 ಗ್ರಾಂ ಕ್ರೀಮ್, ಒಂದು ಚಮಚ ಗ್ಲೂಕೋಸ್, ಎರಡು ಸಣ್ಣ ಚಮಚ ಕಾರ್ನ್‌ಫ್ಲೋರ್. ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಕೊನೆಗೆ ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕುದಿಸಿ, ಬೆಣ್ಣೆ ಸೇರಿಸಿ ಸೋಸಬೇಕು. ಕೋಕೋ 'ಡಚ್ ಪ್ರೊಸೆಸ್ಡ್' ಅಂತಿದ್ದರೆ ಬಣ್ಣ ಕಡು, ಹುಳಿ ಕಡಿಮೆ. ಮುಖ ಕಾಣುವಷ್ಟು ಹೊಳೆಯೋದಿಲ್ಲ, ಆದರೆ ಕಪ್ ಕೇಕ್, ಡೋನಟ್, ಪುಡ್ಡಿಂಗ್‌ಗೆ ಧಾರಾಳ ಸಾಕು. ರುಚಿಯಲ್ಲಿ ಕಾಂಪೌಂಡ್ ಗನಾಶ್‌ಗಿಂತ ಇದೇ ಮೇಲು, ವನಸ್ಪತಿಯ ಹಾಗೆ ಅಂಗಳಕ್ಕೆ ಅಂಟೋದಿಲ್ಲ.

ಮೂರನೆಯದು ಅಗರ್ ಹಾಕಿದ ಮಿರರ್ ಗ್ಲೇಜ್. ಇಲ್ಲಿ ತೂಕದ ತಕ್ಕಡಿ ಬೇಕೇ ಬೇಕು. 150 ಮಿ.ಲೀ. ನೀರಿಗೆ 2 ಗ್ರಾಂ ಅಗರ್ ಪುಡಿ ಹಾಕಿ ಹತ್ತು ನಿಮಿಷ ನೆನೆಸಿ, ಆಮೇಲೆ ಪೂರ್ತಿ ಎರಡು ನಿಮಿಷ ಕುದಿಸಬೇಕು. ಬರೀ ಬಿಸಿ ಮಾಡಿದರೆ ಅಗರ್ ಕರಗೋದಿಲ್ಲ, ಮರಳು ಮರಳಾಗಿ ಉಳಿಯುತ್ತೆ. ಅದಕ್ಕೆ 180 ಗ್ರಾಂ ಸಕ್ಕರೆ, 40 ಗ್ರಾಂ ಗ್ಲೂಕೋಸ್ ಹಾಕಿ ಕುದಿ ಬಂದ ಮೇಲೆ, 120 ಗ್ರಾಂ ಕ್ರೀಮಿನಲ್ಲಿ ಗಂಟಿಲ್ಲದೆ ಕಲಸಿದ 60 ಗ್ರಾಂ ಕೋಕೋ ಸೇರಿಸಿ ಇನ್ನೆರಡು ನಿಮಿಷ ಸಣ್ಣ ಉರಿ. ಸೋಸಿ ಕಾಯಬೇಕು. ಅಗರ್ 35–40 ಡಿಗ್ರಿಯಲ್ಲೇ ಗಟ್ಟಿಯಾಗಲು ಶುರು ಮಾಡುವುದರಿಂದ 45–50ರಲ್ಲೇ ಸುರಿದುಬಿಡಬೇಕು. ಜೆಲಟಿನ್ ಪಾಕವಿಧಾನದಲ್ಲಿ ಹೇಳುವ 32ಕ್ಕೆ ಕಾದು ಕೂತರೆ ಪಾತ್ರೆಯಲ್ಲೇ ಹಲ್ವ ಆಗಿರುತ್ತೆ! ಹಾಗಾದರೆ ಮತ್ತೆ ಕುದಿಸಿ ಸೋಸಬೇಕು, ಬೇರೆ ದಾರಿ ಇಲ್ಲ. ಇನ್ನೊಂದು ವ್ಯತ್ಯಾಸ: ಜೆಲಟಿನ್ ಗ್ಲೇಜನ್ನು ಫ್ರೀಜರ್‌ನಲ್ಲಿ ಕಲ್ಲಾದ ಕೇಕ್ ಮೇಲೆ ಸುರಿಯುತ್ತಾರೆ. ಅಗರ್ ಅಷ್ಟು ತಣ್ಣನೆಯ ಮೈಗೆ ತಾಗಿದ ಕ್ಷಣವೇ ಹೆಪ್ಪಾಗಿ ದಪ್ಪವಾಗುತ್ತೆ, ಚಕ್ಕೆಯಾಗಿ ಜಾರುತ್ತೆ. ಫ್ರಿಜ್ಜಿನ ತಂಪು ಸಾಕು. ನಿಜ ಹೇಳಬೇಕೆಂದರೆ ಅಗರ್ ಗ್ಲೇಜ್ ಜೆಲಟಿನ್‌ನಷ್ಟು ಎಳೆಯೆಳೆಯಾಗಿ ಬಾಗೋದಿಲ್ಲ, ಚಾಕು ಹಾಕಿದರೆ ಸ್ವಲ್ಪ ಚೂಪಾಗಿ ಕತ್ತರಿಸುತ್ತೆ. ಹೊಳಪಿಗೆ ಕೊರತೆ ಇಲ್ಲ.

ಬೆಂಗಳೂರಿನ ಎತ್ತರದ ಲೆಕ್ಕ

ಯೂಟ್ಯೂಬ್ ನೋಡಿ ಮಾಡುವವರು ಎಡವುವ ಜಾಗ ಇದು. 'ಪಾಕ 103 ಡಿಗ್ರಿ ಆಗಲಿ' ಅಂತ ಅಲ್ಲಿ ಹೇಳಿರುತ್ತಾರೆ. ಅದು ಸಮುದ್ರ ಮಟ್ಟದ ಊರಿನ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ. ಅದೇ ಹದದ ಪಾಕ ಇಲ್ಲಿ 100 ಡಿಗ್ರಿಗೇ ಬಂದಿರುತ್ತೆ. 103ರವರೆಗೆ ಕಾದರೆ ನೀರು ಹೆಚ್ಚು ಆವಿಯಾಗಿ ಗ್ಲೇಜ್ ದಪ್ಪವಾಗುತ್ತೆ, ಕೇಕಿನ ಪಕ್ಕಕ್ಕೆ ಇಳಿಯದೆ ಮೇಲೇ ನಿಲ್ಲುತ್ತೆ. ತಪ್ಪು ಕೋಕೋದ ಮೇಲೆ ಬೀಳುತ್ತೆ, ಪಾಪ. ಥರ್ಮಾಮೀಟರ್ ಇಲ್ಲದವರಿಗೆ ಅಜ್ಜಿ ಕಾಲದ ದಾರಿಯೇ ಉತ್ತಮ: ಬೆರಳ ನಡುವೆ ಒಂದೆಳೆ ಬರುವುದಕ್ಕೆ ಸ್ವಲ್ಪ ಮೊದಲು, ಜಿಡ್ಡು ಹಿಡಿದಂತಾದಾಗ ಇಳಿಸಿಬಿಡೋದು.

ಸುರಿಯುವಾಗ, ಸುರಿದ ಮೇಲೆ

ಕೇಕಿನ ಮೈ ನಯವಾಗಿಲ್ಲದಿದ್ದರೆ ಯಾವ ಗ್ಲೇಜೂ ಉಳಿಸೋದಿಲ್ಲ. ಪುಡಿ ಏಳದಂತೆ ತೆಳ್ಳಗೆ ಬಟರ್ ಕ್ರೀಮ್ ಅಥವಾ ಗನಾಶ್ ಬಳಿದು ಫ್ರಿಜ್‌ನಲ್ಲಿ ಗಟ್ಟಿ ಮಾಡಬೇಕು. ಮೇಲೆ ವಿಪ್ಪಿಂಗ್ ಕ್ರೀಮ್ ಇದ್ದರೆ 45 ಡಿಗ್ರಿಯ ಅಗರ್ ಗ್ಲೇಜ್ ಅದನ್ನು ಕರಗಿಸಿಬಿಡುತ್ತೆ. ಅಂಥ ಕೇಕಿಗೆ ತಣಿದ ಗನಾಶೇ ಗತಿ. ಗ್ಲೇಜನ್ನು ಟೀ ಸೋಸುವ ಜಾಲರಿಯಲ್ಲೋ ಮಲ್ ಬಟ್ಟೆಯಲ್ಲೋ ಎರಡು ಸಲ ಸೋಸಿ, ಪಾತ್ರೆಯನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಜಾಲರಿ ಸ್ಟ್ಯಾಂಡ್ ಮೇಲೆ ಕೇಕ್, ಕೆಳಗೆ ತಟ್ಟೆ. ನಡುವಿನಿಂದ ಒಂದೇ ಸಲ, ನಿಲ್ಲಿಸದೆ ಸುರಿಯಬೇಕು. ಸುರಿದ ಮೇಲೆ ಚಾಕು ಆಡಿಸಿ ಸರಿ ಮಾಡೋಣ ಅಂದರೆ ಗೀರು ಶಾಶ್ವತ. ತಟ್ಟೆಗೆ ಇಳಿದದ್ದನ್ನು ಸೋಸಿ, ಮುಚ್ಚಿ, ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬಳಸಬಹುದು.

ಹೊಳಪಿಗೆ ಕೊನೆಯ ಕಂಟಕ ಫ್ರಿಜ್. ಮಳೆಗಾಲದ ತೇವದ ಗಾಳಿಗೆ ತಣ್ಣನೆಯ ಕೇಕನ್ನು ತೆರೆದಿಟ್ಟರೆ ಸೋಡಾ ಬಾಟಲಿ ಬೆವರುವ ಹಾಗೆ ಗ್ಲೇಜ್ ಬೆವರುತ್ತೆ. ಆ ಹನಿಗಳು ಮೇಲಿನ ಸಕ್ಕರೆ ಕರಗಿಸಿ, ಒಣಗಿದಾಗ ಚುಕ್ಕೆ ಚುಕ್ಕೆ ಕಲೆ ಬಿಡುತ್ತವೆ. ಆದ್ದರಿಂದ ಕೇಕನ್ನು ಡಬ್ಬಿಯಲ್ಲೇ ಫ್ರಿಜ್‌ಗೆ ಇಡಬೇಕು, ಹೊರಗೆ ತೆಗೆದ ಮೇಲೂ ಅರ್ಧ ಗಂಟೆ ಡಬ್ಬಿ ಮುಚ್ಚಿಯೇ ಇರಲಿ. ಬೆವರೋದು ಡಬ್ಬಿಯ ಹೊರಮೈ ಆಗಿರಲಿ, ಕೇಕಲ್ಲ. ಬೆಣ್ಣೆ, ಕ್ರೀಮ್ ಎರಡೂ ವಾಸನೆ ಹೀರುವ ವಸ್ತುಗಳು. ಹುಳಿ ಬಂದ ದೋಸೆ ಹಿಟ್ಟಿನ ಪಕ್ಕ ರಾತ್ರಿಯಿಡೀ ಕೂತ ಕೇಕ್ ಎಷ್ಟು ಹೊಳೆದರೂ ತಿನ್ನೋರ ಮುಖ ಹೊಳೆಯೋದಿಲ್ಲ.

ಮನೆಯಿಂದ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಂಡಿರಬೇಕು. ಡಬ್ಬಿ ಮೇಲೆ 'ಎಗ್‌ಲೆಸ್' ಅಂತ ದೊಡ್ಡದಾಗಿ ಬರೆಸುವವರು ಅದರ ಕೆಳಗೆ 'ಜೆಲಟಿನ್ ಇಲ್ಲ, ಅಗರ್ ಬಳಸಿದೆ' ಅಂತಲೂ ಒಂದು ಸಾಲು ಹಾಕಿಸಬಹುದು. ಸ್ಟಿಕ್ಕರ್ ಮುದ್ರಿಸಿಕೊಡುವವರು ಪಕ್ಕದ ಸುಲ್ತಾನ್‌ಪೇಟೆಯಲ್ಲೇ ಇದ್ದಾರೆ.